‘ಸರಬರಾಜುದಾರರು ನಿರಾಕರಿಸಿದ್ದಾರೆ’

2006ರಲ್ಲಿ ನಾನು ಹಾಸನದ ಒಂದು ಸೂಪರ್‌ಮಾರ್ಕೆಟ್ ಕಂಪನಿಯಲ್ಲಿ ಖರೀದಿ ಮ್ಯಾನೇಜರ್ ಆಗಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಮಳಿಗೆಗಳಿಗೆ ಸಾಮಾನು ತರಿಸುವುದು ನನ್ನ ಹೊಣೆ. ಅಲ್ಲಿಯವರೆಗೆ ಫೋನಿನಲ್ಲೇ ಆರ್ಡರ್ ಕೊಡುತ್ತಿದ್ದೆವು. ಆ ವರ್ಷ ಬೆಂಗಳೂರಿನ ಕೇಂದ್ರ ಕಚೇರಿ ಇ-ಪ್ರೊಕ್ಯೂರ್‌ಮೆಂಟ್ ತಂದಿತು. ಮಳಿಗೆಯಲ್ಲಿ ಒಂದು ಸಾಮಾನು ಕಡಿಮೆಯಾದೊಡನೆ ಕಂಪ್ಯೂಟರೇ ಸರಬರಾಜುದಾರರಿಗೆ ಆರ್ಡರ್ ಕಳುಹಿಸುತ್ತದೆ. ಅವರು ಇಂಟರ್‌ನೆಟ್ಟಿನಲ್ಲಿ ತಮ್ಮ ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಬೇಕು. ನಿರಾಕರಿಸಿದರೆ ಆರ್ಡರ್ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬಳು.

ಆದರೆ ನಮ್ಮ ಸಣ್ಣ ಸರಬರಾಜುದಾರರಲ್ಲಿ ಕಂಪ್ಯೂಟರ್ ಯಾರ ಬಳಿ ಇತ್ತು? ಅವರಿಗೆ ನೆರವಾಗಲೆಂದು ಕೇಂದ್ರ ಕಚೇರಿ ಮಹೇಶ ಎಂಬ ಸಂಯೋಜಕನನ್ನು ಹಾಸನಕ್ಕೆ ಕಳುಹಿಸಿತು. ಅವನೇ ಎಲ್ಲರ ಹೆಸರು ನೋಂದಾಯಿಸಿದ, ಪಾಸ್‌ವರ್ಡ್‌ಗಳನ್ನೂ ತಾನೇ ಇಟ್ಟುಕೊಂಡ. ‘ಅವರಿಗೆ ಫೋನ್ ಮಾಡಿ ಕೇಳಿಕೊಂಡು, ಒಪ್ಪಿಗೆಯೋ ನಿರಾಕರಣೆಯೋ ನಾನೇ ಒತ್ತುತ್ತೇನೆ’ ಎಂದ. ಕೇಂದ್ರ ಕಚೇರಿ ಅದಕ್ಕೆ ಒಪ್ಪಿತು.

ಹೊಳೆನರಸೀಪುರದ ಚಂದ್ರಮ್ಮನವರು ನಮಗೆ ಸಾರಿನ ಪುಡಿ, ಖಾರದ ಪುಡಿ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಬೀದಿಯ ಹೆಂಗಸರನ್ನು ಕೂಡಿಸಿಕೊಂಡು ಶುರುಮಾಡಿದ ಕೆಲಸ. ಹೊಸ ವ್ಯವಸ್ಥೆ ಬಂದ ಕೆಲವೇ ತಿಂಗಳಲ್ಲಿ ಅವರ ಪುಡಿ ನಾಲ್ಕೂ ಮಳಿಗೆಗಳಿಂದ ಮಾಯವಾಯಿತು. ಆ ಜಾಗದಲ್ಲಿ ಹೊಸ ಬ್ರ್ಯಾಂಡಿನ ಪೊಟ್ಟಣಗಳು ಬಂದು ಕೂತವು. ಅರಕಲಗೂಡಿನ ಗಿರಾಕಿಗಳು ಗೊಣಗಿದರು. ಕಂಪ್ಯೂಟರ್ ನೋಡಿದರೆ, ಆರ್ಡರ್ ಮೇಲೆ ಆರ್ಡರಿಗೆ ಒಂದೇ ಉತ್ತರ: ‘ಸರಬರಾಜುದಾರರು ನಿರಾಕರಿಸಿದ್ದಾರೆ.’

ಹೊಳೆನರಸೀಪುರದ ಮಳಿಗೆಯ ತಪಾಸಣೆಗೆ ಹೋದ ದಿನ ಅವರ ಮನೆಗೂ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಗುತ್ತಿರಲಿಲ್ಲ. ಚಂದ್ರಮ್ಮ ನನ್ನನ್ನು ಒಳಗೆ ಕರೆಯಲೂ ಇಲ್ಲ.

“ಬ್ಯಾಡ ಅಂದ್ಬುಟ್ರಲ್ಲ ಮೇಡಂ, ಈಗ ಏನ್ ನೋಡಕ್ ಬಂದ್ರಿ?”

“ಬೇಡ ಅಂದಿದ್ದು ನೀವಲ್ಲವಾ?”

“ನಾನ್ಯಾಕಂದೇನು? ನಿಮ್ ಮಹೇಶಪ್ಪನೇ ಬಂದು ಯೋಳ್ದ. ಪುಡೀಲಿ ಇಟ್ಟಿಗೆ ಪುಡಿ ಬೆರ್ಸವ್ರೆ ಅಂತ ಬೆಂಗ್ಳೂರೋರು ತಳ್ಳಾಕವ್ರಂತೆ. ಬೀದಿಗೆಲ್ಲಾ ಗೊತ್ತಾಗೋಗದೆ. ಕೆಲ್ಸಕ್ ಬರೋ ಹೆಂಗಸ್ರೂ ನಿಂತ್ಬುಟ್ರು. ನಾನು ತಲೆ ಎತ್ಕಂಡ್ ನೀರಿಗೋಗಂಗಿಲ್ಲ ಕಣಮ್ಮ.”

ಅಂಥ ದೂರು ನಮ್ಮ ಕಚೇರಿಯಲ್ಲಿ ಇರಲೇ ಇಲ್ಲ. ಆಕೆಗೊಂದು ಸುಳ್ಳು, ನಮಗೊಂದು ಸುಳ್ಳು. ಹಾಸನಕ್ಕೆ ಹಿಂದಿರುಗುವ ದಾರಿಯುದ್ದಕ್ಕೂ ನನ್ನ ಮೈ ಉರಿಯುತ್ತಿತ್ತು.

ಆ ವಾರವೇ ಬೆಂಗಳೂರಿನಿಂದ ಪ್ರಾದೇಶಿಕ ಮುಖ್ಯಸ್ಥರು ಬಂದರು. ಚಂದ್ರಮ್ಮನವರನ್ನು ಸಭೆಗೆ ಕರೆಸಿದೆ. ಮುಖ್ಯಸ್ಥರು ಆಕೆಗೆ ಕುರ್ಚಿ ತೋರಿಸುವ ಮೊದಲೇ ನನಗೆ ಹೇಳಿದರು: “ಮೇಡಂ, ಸಿಸ್ಟಂ ಸುಳ್ಳು ಹೇಳಲ್ಲ. ಇವರೇ ಫೋನಲ್ಲಿ ರಿಜೆಕ್ಟ್ ಮಾಡಿ ಈಗ ನಾಟಕ ಆಡ್ತಿದಾರೆ.” ಪಕ್ಕದಲ್ಲಿದ್ದ ಮಹೇಶ ತಲೆಯಾಡಿಸಿದ.

ನಾನು ಪರದೆಯ ಮೇಲೆ ಚಂದ್ರಮ್ಮನವರ ವಿವರ ತೆಗೆದೆ. ಅಲ್ಲಿ ಆಕೆಯದೆಂದು ನಮೂದಾಗಿದ್ದ ಮೊಬೈಲ್ ನಂಬರನ್ನು ಎಲ್ಲರೆದುರು ಮೇಜಿನ ಫೋನಿನಿಂದ ಒತ್ತಿದೆ. ಮಹೇಶನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಚಂದ್ರಮ್ಮ ಅವನ ಜೇಬನ್ನೇ ನೋಡುತ್ತಾ ಹೇಳಿದರು: “ಅದು ನಂದಂತಲ್ಲಪ್ಪ. ಎತ್ತು, ಏನ್ ಮಾತಾಡ್ತೀನೋ ಕೇಳಾನ.”

ಹೊಸ ಬ್ರ್ಯಾಂಡಿನ ಏಜೆನ್ಸಿ ಮಹೇಶನ ಭಾವಮೈದುನನದು ಎಂಬುದು ಆಮೇಲೆ ಹೊರಬಿತ್ತು. ಅವನನ್ನು ಕೆಲಸದಿಂದ ತೆಗೆಯುತ್ತಾರೆಂದು ನಾನು ಭಾವಿಸಿದ್ದೆ. ಕೇಂದ್ರ ಕಚೇರಿ ಇದನ್ನು ‘ಪ್ರಕ್ರಿಯೆಯ ಲೋಪ’ ಎಂದು ಕರೆದು, ಅವನನ್ನು ಬೇರೆ ಜಿಲ್ಲೆಗೆ ಅದೇ ಕೆಲಸಕ್ಕೆ ಕಳುಹಿಸಿತು! ಒಬ್ಬ ಹೆಂಗಸಿನ ಮರ್ಯಾದೆಯನ್ನು ಬೀದಿಯಲ್ಲಿ ಹರಾಜು ಹಾಕಿದ್ದು ಅವರ ಕಣ್ಣಿಗೆ ಬರೀ ಲೋಪ. “ಆರ್ಡರ್ ಮತ್ತೆ ಶುರುಮಾಡಿದೀವಲ್ಲ, ಇನ್ನೇನು?” ಎಂದರು ಮುಖ್ಯಸ್ಥರು.

ಕಲಬೆರಕೆಯ ಮಾತು ಸುಳ್ಳೆಂದು ಕಂಪನಿ ಬರೆದುಕೊಡುವವರೆಗೆ ಆ ಹೊಸ ಬ್ರ್ಯಾಂಡಿನ ಒಂದು ಪೊಟ್ಟಣದ ಬಿಲ್ಲಿಗೂ ಮಂಜೂರಾತಿ ಕೊಡುವುದಿಲ್ಲ ಎಂದು ಪಟ್ಟು ಹಿಡಿದೆ. ನನ್ನನ್ನೇ ವರ್ಗ ಮಾಡುವ ಬೆದರಿಕೆಯೂ ಬಂತು. ಕೊನೆಗೆ ಪತ್ರ ಬಂತು, ಇಂಗ್ಲಿಷಿನಲ್ಲಿ. ಚಂದ್ರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ನ ನಮ್ ಬೀದಿಯೋರು ಓದೋದೆಂಗೆ?” ಎಂದರು. ಅದನ್ನು ವಾಪಸು ಕಳುಹಿಸಿ, ಕನ್ನಡದಲ್ಲಿ ತರಿಸಿ, ಮುಖ್ಯಸ್ಥರ ಸಹಿಯೊಂದಿಗೆ ಹೊಳೆನರಸೀಪುರದ ಮಳಿಗೆಯ ಬಾಗಿಲಲ್ಲೇ ಅಂಟಿಸಿದೆ. ನಿಂತುಹೋದ ಹೆಂಗಸರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು. ಎಲ್ಲರೂ ಮರಳಲಿಲ್ಲ.

ಚಂದ್ರಮ್ಮ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ತಾವೇ ಆರ್ಡರ್ ಒಪ್ಪುವುದನ್ನು ಕಲಿತರು. ಹೊಸ ಪಾಸ್‌ವರ್ಡ್ ಹಾಕುವಾಗ ಪಕ್ಕದಲ್ಲಿ ನಿಂತಿದ್ದ ನನಗೆ, “ವಸಿ ಆ ಕಡೆ ತಿರಿಕ್ಕಳಿ ಮೇಡಂ” ಎಂದರು. ತಿರುಗಿದೆ.

ಅವರು ಮಾಡಿದ್ದೇ ಸರಿ. ಕಂಪ್ಯೂಟರಿನಲ್ಲಿ ಉಳಿಯುವುದು ಯಾರ ಹೆಸರಿನಲ್ಲಿ ಒತ್ತಿದರು ಎಂಬುದು ಮಾತ್ರ. ಒತ್ತಿದ ಬೆರಳು ಯಾರದೆಂದು ಎದ್ದು ಹೋಗಿ ವಿಚಾರಿಸುವುದು ನಮ್ಮ ಕೆಲಸ. ನನ್ನ ವೃತ್ತಿ ಕಲಿಸಿದ್ದು ಇಷ್ಟು. ‘ಸಿಸ್ಟಂ ಹಾಗೆ ತೋರಿಸ್ತಿದೆ’ ಎಂದು ಕೈತೊಳೆದುಕೊಳ್ಳುವವರನ್ನು ಕಂಡರೆ ನಿವೃತ್ತಳಾದ ಮೇಲೂ ನನಗೆ ಸಿಟ್ಟು ಬರುತ್ತದೆ. ಬರಲಿ.