ಇಳಿಜಾರಿನ ಜೇಡಿಮಣ್ಣು

ಇಟ್ಟಮಡುವಿನ ಇಳಿಜಾರು ಸೈಟಿನಲ್ಲಿ ನಮ್ಮ ಕಾಂಪೌಂಡ್ ಕಟ್ಟಲು ಬಂದ ಮೇಸ್ತ್ರಿ ಮೊದಲು ಹಿಡಿ ಮಣ್ಣು ನೆನೆಸಿ ಬೆರಳಲ್ಲಿ ಹೊಸೆದರು. ಅದು ಮುರಿಯದೆ ಬತ್ತಿಯಂತೆ ನೀಳವಾಯಿತು.

"ಜೇಡಿಮಣ್ಣು ಸಾರ್. ಬೇಸಿಗೇಲಿ ಕಲ್ಲಾಗುತ್ತೆ, ಮಳೇಲಿ ಉಬ್ಬುತ್ತೆ. ಪಾಯ ಇನ್ನೂ ಆಳ ತೆಗೀಬೇಕು, ಅವಸರ ಬೇಡ," ಎಂದರು. ಯಾವ ಕೆಲಸಕ್ಕೂ ಅವರ ಮಾತು ಅದೇ, ಅವಸರ ಬೇಡ.

ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ನಾನು ಅವರ ಮಾತು ಕೇಳದೆ, ತೆಗೆದಷ್ಟೇ ಪಾಯದ ಮೇಲೆ ಅವರಿಂದಲೇ ಕಟ್ಟಿಸಿದೆ. ಮೊದಲ ಮಳೆಗಾಲದಲ್ಲೇ ಗೋಡೆ ಬಿರುಕು ಬಿಟ್ಟು ವಾಲಿತು. ಕರೆಸಿದಾಗ ಅವರು ಬಿರುಕಿನೊಳಗೆ ಅಂಗೈ ತೂರಿಸಿ ನೋಡಿದರು.

"ಯಾಕೆ ಹೀಗಾಯ್ತು ಮೇಸ್ತ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

ಅವರು ಒಮ್ಮೆ ನನ್ನ ಮುಖ ನೋಡಿದರು. "ಮಣ್ಣು ನೋಡೋದ್ರಲ್ಲಿ ನಾನೇ ತಪ್ಪಿದೆ ಅಮ್ಮ," ಎಂದರು.

ಪಕ್ಕದ ಮನೆಯವರೂ ಕೇಳಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ.