ಇರಲಿ ಅಜ್ಜಿಯ ಅರ್ಧ ಬಾಟಲಿ ಎಣ್ಣೆ

ಬೀದಿಯವರೆಲ್ಲ ಆಕೆಯನ್ನು ಇರಲಿ ಅಜ್ಜಿ ಎಂದೇ ಕರೆಯುತ್ತಿದ್ದರು. ಹರಿದ ಅಂಗಿ, ಬಿರುಕು ಬಿಟ್ಟ ಬೋಗುಣಿ, ಹಿಡಿ ಮುರಿದ ಕಪ್ಪು, ಯಾವುದನ್ನು ತೋರಿಸಿದರೂ ಒಮ್ಮೆ ತಿರುಗಿಸಿ ನೋಡಿ, "ಇರಲಿ, ಏನಕ್ಕಾದ್ರೂ ಆಗುತ್ತೆ" ಎನ್ನುವವಳು. ಆಗುತ್ತಲೂ ಇತ್ತು, ಅದೇ ವಿಶೇಷ. ಅಂಗಿ ಒರೆಸುವ ಬಟ್ಟೆಯಾಗಿ, ಬೋಗುಣಿ ಪುದೀನ ಕುಂಡವಾಗಿ ಇನ್ನೊಂದು ಜನ್ಮ ಪಡೆಯುತ್ತಿದ್ದವು. ಕಿತ್ತಳೆ ಸಿಪ್ಪೆ ವಿನೆಗರ್‌ನಲ್ಲಿ ನೆನೆದು ನೆಲ ಒರೆಸುವ ನೀರಾದರೆ, ಹಿಂಡಿದ ನಿಂಬೆ ಹೋಳು ಉಪ್ಪಿನ ಜೊತೆಗೂಡಿ ಪಾತ್ರೆ ಬೆಳಗುತ್ತಿತ್ತು. ಅಂಗಡಿಯ ಸೋಪಿನ ಪುಡಿ ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದ ಗಂಡ, ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳುತ್ತಿದ್ದ: "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನ್ನನ್ನೂ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕ್ತಾಳೆ. ಅದಕ್ಕೇ ಆಗಾಗ ಕೆಮ್ಮುತ್ತಾ ಇರ್ತೀನಿ."

ಅಜ್ಜಿಗೆ ಜೀವ ಎಂದರೆ ಮೊಮ್ಮಗಳು. ಊರಿನ ಆ ತುದಿಯಲ್ಲಿದ್ದ ಮಗಳು ಪ್ರತಿ ಭಾನುವಾರ ಹುಡುಗಿಯನ್ನು ಕರೆದುಕೊಂಡು ಬರುತ್ತಿದ್ದಳು. ಹಣ್ಣಿನಂಗಡಿಯವನು ಮಾರಲಾಗದೆ ಪಕ್ಕಕ್ಕಿಟ್ಟ ಕಪ್ಪು ಸಿಪ್ಪೆಯ ಬಾಳೆಹಣ್ಣನ್ನು ಅಜ್ಜಿ ಕಿವುಚಿ, ಅಕ್ಕಿ ಹಿಟ್ಟು ಬೆಲ್ಲ ಕಲಸಿ, ಕಾವಲಿಯ ಮೇಲೆ ಪುಟ್ಟ ಪುಟ್ಟ ಬಿಲ್ಲೆ ಹುಯ್ಯುತ್ತಿದ್ದಳು. ಬಿಲ್ಲೆಗೆ ಹುಡುಗಿ ಇಟ್ಟ ಹೆಸರು ಚಂದಮಾಮ. ಮೇಲೆ ಉದುರಿಸಿದ ಎಳ್ಳು ನಕ್ಷತ್ರ. ಆ ನಕ್ಷತ್ರಗಳೇ ಒಂದು ದಿನ ಕೈಕೊಟ್ಟವು. ತಿಂದ ಸ್ವಲ್ಪ ಹೊತ್ತಿಗೆ ಹುಡುಗಿಯ ತುಟಿ ಊದಿ, ಕೆನ್ನೆಯ ಮೇಲೆ ಗಂಧೆ ಎದ್ದು, ಎಲ್ಲರೂ ಆಸ್ಪತ್ರೆಗೆ ಓಡಿದರು. ವೈದ್ಯರು ಪರೀಕ್ಷೆ ಮಾಡಿಸಿ ಹೇಳಿದರು: ಎಳ್ಳಿನ ಅಲರ್ಜಿ. ಇನ್ನು ಮುಂದೆ ಎಳ್ಳು ಯಾವ ರೂಪದಲ್ಲೂ ಮಗುವಿನ ಬಾಯಿಗೆ ಹೋಗಬಾರದು.

ಅಜ್ಜಿ ಹಟ ಹಿಡಿದರೆ ಹಿಡಿದಳೇ. ಅಂದೇ ಎಳ್ಳಿನ ಡಬ್ಬಿಯನ್ನು ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ದಾಟಿಸಿದಳು. ಬಾಣಲೆ, ಕಾವಲಿಗಳನ್ನು ಕೆಂಪಗೆ ಕಾಯಿಸಿ ತಿಕ್ಕಿದಳು. ಅಡುಗೆಗೆ ಸೂರ್ಯಕಾಂತಿ ಎಣ್ಣೆ ಬಂತು. ಉಳಿದದ್ದು ಅರ್ಧ ಬಾಟಲಿ ಎಳ್ಳೆಣ್ಣೆ, ಗಾಣದಲ್ಲಿ ತೆಗೆಸಿದ್ದು, ಮೂಗಿಗೆ ಹಿಡಿದರೆ ಘಮ್ ಎನ್ನುವಂಥದ್ದು. ಅದನ್ನು ಚೆಲ್ಲಲು ಅಜ್ಜಿಗೆ ಕೈ ಬರಲಿಲ್ಲ. "ಇರಲಿ," ಎಂದಳು. "ಅಡುಗೆಗೆ ಬೇಡ, ಅಷ್ಟೇ ತಾನೇ? ಮರದ ಸಾಮಾನಿಗೆ ಸವರಿ ಖಾಲಿ ಮಾಡ್ತೀನಿ."

ಆ ಮನೆಯಲ್ಲಿ ಮರದ ಸಾಮಾನಿಗೇನು ಬರ. ಸೌಟು, ಚಮಚ, ತರಕಾರಿ ಹೆಚ್ಚುವ ಹಲಗೆ, ಅಜ್ಜಿಯ ತಾಯಿಯ ಕಾಲದ ಲಟ್ಟಣಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಮುರಿದ ಕುರ್ಚಿಯ ಕಾಲಿನಿಂದ ತಾತ ಮೊಮ್ಮಗಳಿಗೆಂದು ಕೆತ್ತಿಕೊಟ್ಟ ಪುಟ್ಟ ಚಮಚ. ಪ್ರತಿ ಶನಿವಾರ ಇವನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ಹಳೆ ಬನಿಯನ್ನಿನ ತುಂಡಿನಿಂದ ಎಣ್ಣೆ ಉಜ್ಜುವುದು ಅಜ್ಜಿಯ ವ್ರತದಂತಿತ್ತು. ಮರುದಿನ ಮೊಮ್ಮಗಳು ಬರುತ್ತಾಳಲ್ಲ, ಪುಟ್ಟ ಚಮಚಕ್ಕೆ ಒಂದು ಕೈ ಹೆಚ್ಚೇ ಬೀಳುತ್ತಿತ್ತು.

ಮುಂದಿನ ಭಾನುವಾರ ನಕ್ಷತ್ರಗಳಿಲ್ಲದ ಚಂದಮಾಮ ತಯಾರಾಯಿತು. ಜೊತೆಗೆ ಕುಂಬಳಕಾಯಿ ಗಂಜಿ. ಹುಡುಗಿ ತನ್ನ ಚಮಚದಲ್ಲಿ ಗಂಜಿ ತಿಂದಳು. ತುಟಿ ಮತ್ತೆ ಊದಿತು. ಮಗಳು ಮದ್ದು ಕುಡಿಸಿದಳು, ಇಳಿಯಿತು. ಅದರ ಮುಂದಿನ ವಾರವೂ ಅದೇ ಕಥೆ. ಮೂರನೆಯ ಭಾನುವಾರ ಹುಡುಗಿ ಬಂದಾಗ ಅವಳ ಕೈಯಲ್ಲಿ ಒಂದು ಊಟದ ಡಬ್ಬಿ ಇತ್ತು.

"ಇದೇನೇ ಇದು?" ಎಂದಳು ಅಜ್ಜಿ.

"ಊಟ," ಎಂದಳು ಹುಡುಗಿ. "ಅಮ್ಮ ಮನೇಲೇ ಮಾಡಿದ್ಲು."

ಅಜ್ಜಿಯ ಮನೆಗೆ ಮೊಮ್ಮಗಳು ಬುತ್ತಿ ಕಟ್ಟಿಕೊಂಡು ಬರುವುದೆಂದರೇನು? ಅಜ್ಜಿಗೆ ಮುಖಕ್ಕೆ ಹೊಡೆದಂತಾಯಿತು. ಮಗಳ ಮುಖ ನೋಡಿದಳು. ಮಗಳು ಪರದೆಯ ಅಂಚನ್ನು ನೋಡುತ್ತಿದ್ದಳು. ತಾತ ಪರಿಸ್ಥಿತಿ ತಿಳಿಯಾಗಿಸಲು, "ಒಳ್ಳೇದಾಯ್ತು, ನನ್ನ ಪಾಲಿಗೆ ಎರಡು ಬಿಲ್ಲೆ ಜಾಸ್ತಿ" ಎಂದ. ಯಾರೂ ನಗಲಿಲ್ಲ. ಅಜ್ಜಿ ತಟ್ಟೆ ಇಟ್ಟು, ಪಕ್ಕದಲ್ಲಿ ಪುಟ್ಟ ಚಮಚ ಇಟ್ಟಳು. ಊಟ ನನ್ನದಲ್ಲದಿದ್ದರೂ ಚಮಚವಾದರೂ ನಮ್ಮದಿರಲಿ ಎಂಬ ಆಸೆ.

ಹುಡುಗಿ ತನ್ನ ಅಮ್ಮ ಮಾಡಿದ ಅನ್ನವನ್ನು ಆ ಚಮಚದಲ್ಲಿ ತಿಂದಳು. ತಾತ ಕಂಡಕ್ಟರಾಗಿ ಆಡಿಸುವ ಟಿಕೆಟ್ ಆಟ ಶುರುವಾಗುವ ಮೊದಲೇ ತುಟಿ ಊದಿತು.

ಮಗಳು ಮದ್ದು ಕುಡಿಸಿ, ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ತಾಯಿಯ ಕಡೆ ತಿರುಗಿದಳು. "ಅಮ್ಮ, ನಿಜ ಹೇಳು. ನಾನು ನೋಡದೇ ಇದ್ದಾಗ ಏನಾದ್ರೂ ಕೊಟ್ಯಾ?"

"ನನ್ನಾಣೆ ಇಲ್ಲ ಕಣೆ."

"ಮನೆಯಿಂದ ತಂದಿದ್ದು ತಿಂದ್ರೂ ಹೀಗಾಗುತ್ತೆ ಅಂದ್ರೆ ನಾನೇನು ಅಂದ್ಕೋಬೇಕು? ಸ್ವಲ್ಪ ದಿನ ನಾವು ಬರಲ್ಲಮ್ಮ. ಬೇಜಾರು ಮಾಡ್ಕೋಬೇಡ."

ಅಜ್ಜಿಗೆ ಬೇಜಾರಲ್ಲ, ಉರಿದುಹೋಯಿತು. ಹೊಟ್ಟೆಯಲ್ಲಿ ಹುಟ್ಟಿದವಳೇ ತನ್ನನ್ನು ಸುಳ್ಳುಗಾತಿ ಅಂದುಕೊಂಡಳಲ್ಲ ಎಂದು ವಾರವಿಡೀ ಪಾತ್ರೆಗಳ ಮೇಲೆ ಸೇಡು ತೀರಿಸಿಕೊಂಡಳು. ತಾತ ಟೀ ಕೇಳಲೂ ಹೆದರಿ ಎದುರಿನ ಅಂಗಡಿಗೆ ಹೋಗತೊಡಗಿದ. ಉರಿಯ ಅಡಿಯಲ್ಲಿ ಭಯವೂ ಇತ್ತು. ಅಜ್ಜಿಯ ಮನೆ ಎಂದರೆ ತುಟಿ ಊದುವ ಜಾಗ ಎಂದೇ ಹುಡುಗಿಯ ತಲೆಯಲ್ಲಿ ಕೂತುಬಿಟ್ಟರೆ?

ಶನಿವಾರ ಬಂತು. ನಾಳೆ ಯಾರೂ ಬರುವುದಿಲ್ಲ ಎಂದು ಗೊತ್ತಿದ್ದರೂ ಕೈ ಸುಮ್ಮನಿರಬೇಕಲ್ಲ. ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಸಾಮಾನು ಹರವಿದಳು, ಬನಿಯನ್ ತುಂಡು ಅದ್ದಿದಳು, ಪುಟ್ಟ ಚಮಚ ಎತ್ತಿಕೊಂಡಳು. ಉಜ್ಜುತ್ತ ಉಜ್ಜುತ್ತ ಮಗಳ ಜೊತೆ ಮನಸ್ಸಿನಲ್ಲೇ ಜಗಳ ಮುಂದುವರಿಸಿದಳು. ಅನ್ನ ನಿಂದು, ಡಬ್ಬಿ ನಿಂದು, ನಂದು ಅಂತ ಏನಿತ್ತು ಆ ತಟ್ಟೇಲಿ, ಬರೀ ಈ ಚಮಚ...

ಕೈ ನಿಂತಿತು. ಚಮಚವನ್ನು ಮೂಗಿಗೆ ಹಿಡಿದಳು. ಘಮ್ ಎಂದಿತು.

"ರೀ," ಎಂದು ಕೂಗಿದಳು. ದನಿ ಕೇಳಿ ತಾತ ಎದ್ದುಬಿದ್ದು ಓಡಿಬಂದ. ಅಜ್ಜಿ ಚಮಚವನ್ನು ಅವನ ಮೂಗಿನ ಕೆಳಗೆ ಹಿಡಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನೂ ಮೆಟ್ಟಿಲ ಮೇಲೆ ಕೂತುಬಿಟ್ಟ. ಪ್ರೀತಿ ಹೆಚ್ಚಾದಷ್ಟೂ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಾದಷ್ಟೂ ತುಟಿ ಊತ. ಅಜ್ಜಿಗೆ ಕಣ್ಣು ತುಂಬಿಬಂತು.

ಮಗಳಿಗೆ ಫೋನ್ ಮಾಡುವುದು ಸುಲಭವಿರಲಿಲ್ಲ. ಮನೆವಾರ್ತೆಯ ವಿಷಯದಲ್ಲಿ ಇರಲಿ ಅಜ್ಜಿ ತಪ್ಪು ಒಪ್ಪಿಕೊಂಡ ದಾಖಲೆ ಎಲ್ಲೂ ಇಲ್ಲ. ಆದರೂ ಒಪ್ಪಿಕೊಂಡಳು. "ಕೊಟ್ಟಿದ್ದು ನಾನೇ ಕಣೆ. ತಿನ್ನೋಕಲ್ಲ, ಚಮಚಕ್ಕೆ," ಎಂದು ಶುರುಮಾಡಿ ಎಲ್ಲ ಹೇಳಿದಳು. ಆಮೇಲೆ ಮಗಳು, "ಡಾಕ್ಟ್ರನ್ನ ಕೇಳಿ ಹೇಳ್ತೀನಮ್ಮ" ಎಂದಳು. ಕೇಳಿ ಹೇಳಿದಳು: ಮರ ಎಣ್ಣೆ ಕುಡಿದುಬಿಟ್ಟಿರುತ್ತದೆ, ಎಷ್ಟು ತೊಳೆದರೂ ನಂಬುವಂತಿಲ್ಲ, ಆ ಸಾಮಾನು ಮನೆಯಲ್ಲೇ ಬೇಡ.

ತಾತ ನೋಡುತ್ತ ನಿಂತ. ಈಗ ಬರುತ್ತದೆ ಆ ಮಾತು ಎಂದು ಕಾದ. ಬರಲಿಲ್ಲ. ಸೌಟು, ಹಲಗೆ, ತಾಯಿಯ ಲಟ್ಟಣಿಗೆ, ಪುಟ್ಟ ಚಮಚ ಎಲ್ಲವನ್ನೂ ಅಜ್ಜಿ ಬಚ್ಚಲ ಒಲೆಗೆ ಒಟ್ಟಿದಳು. ಲಟ್ಟಣಿಗೆ ಹಾಕುವಾಗ ಮಾತ್ರ ಒಂದು ಕ್ಷಣ ಎದೆಗೊತ್ತಿ ಹಿಡಿದಳು. ಸುಮ್ಮನೆ ಉರಿದು ಹಾಳಾಗಬಾರದೆಂದು ಮೇಲೆ ಹಂಡೆ ಇಟ್ಟು ಗಂಡನಿಗೆ ನೀರು ಕಾಯಿಸಿದಳು. "ಇಷ್ಟು ಬೆಲೆಬಾಳೋ ನೀರಲ್ಲಿ ನಾನು ಯಾವತ್ತೂ ಮಿಂದಿಲ್ಲ," ಎಂದ ತಾತ, ಬೆನ್ನು ಉಜ್ಜಿಕೊಳ್ಳುತ್ತ.

ಉಳಿದಿದ್ದು ಬಾಟಲಿ. "ಇದು ಇರಲಿ ಬಿಡೆ," ಎಂದ ತಾತ, ಅಷ್ಟು ವರ್ಷದ ಸಹವಾಸದ ಫಲ. "ಬಾಗಿಲ ಚಿಲಕಕ್ಕೆ ಹಾಕೋಣ."

"ಚಿಲಕ ತೆಗೆದು ಒಳಗೆ ಓಡಿಬರೋಳು ಯಾರು?" ಎಂದಳು ಅಜ್ಜಿ. ಬಾಟಲಿ ಕಸದ ಗಾಡಿ ಸೇರಿತು. ಗಾಡಿಯವನು ನಾಲ್ಕು ಮನೆ ಮುಂದೆ ಹೋದವನು ವಾಪಸ್ ಬಂದು, "ಅಜ್ಜಿ, ಇದು ತಪ್ಪಿ ಬಿದ್ದಿದೆ ಅನ್ಸುತ್ತೆ, ಇನ್ನೂ ಎಣ್ಣೆ ಇದೆ" ಎಂದು ಭಕ್ತಿಯಿಂದ ಹಿಂದಿರುಗಿಸಿದ. ಆ ಮನೆಯಿಂದ ಸಿಪ್ಪೆಯೂ ಬಾರದಿದ್ದದ್ದನ್ನು ಕಂಡವನು ಪಾಪ, ಇನ್ನೇನು ತಿಳಿದಾನು. ಅಜ್ಜಿ ಅವನನ್ನು ಬೈದು ಕಳಿಸಿದಳು.

ಮನೆಗೆ ಸ್ಟೀಲಿನ ಸೌಟು ಚಮಚ ಬಂದವು. ಅಡುಗೆಮನೆಯಿಂದ ಠಣ್ ಠಣ್ ಎಂದು ಬಸ್ ಡಿಪೋದಂಥ ಸದ್ದು ಬರತೊಡಗಿತು. ತಾತ ಆಗಾಗ "ರೈಟ್" ಎನ್ನುತ್ತಿದ್ದ. ಮಗಳು ಮತ್ತೆ ಬರತೊಡಗಿದಳು, ಡಬ್ಬಿಯ ಸಮೇತ. ಅಜ್ಜಿ ಮುನಿಯಲಿಲ್ಲ, ಕೇಳಲೂ ಇಲ್ಲ. ಸ್ಟೀಲ್ ಚಮಚ ಇಟ್ಟು, ಮೊಮ್ಮಗಳು ತಿಂದು ಮುಗಿಸುವವರೆಗೆ ಅವಳ ತುಟಿಯನ್ನೇ ನೋಡುತ್ತ ಕೂರುತ್ತಿದ್ದಳು. ತುಟಿ ತೆಳ್ಳಗೆ, ಕೆಂಪಗೆ, ಹೇಗಿರಬೇಕೋ ಹಾಗೇ ಇರುತ್ತಿತ್ತು. ಹೀಗೇ ಕೆಲವು ವಾರ ಕಳೆದವು.

ಒಂದು ಭಾನುವಾರ ಹುಡುಗಿ ಎಂದಿನಂತೆ ಡಬ್ಬಿ ಹಿಡಿದು ಓಡಿಬಂದು ಅಜ್ಜಿಯ ಕೈಗಿತ್ತಳು. ಅಜ್ಜಿ ತಟ್ಟೆಗೆ ಬಡಿಸಲು ಮುಚ್ಚಳ ತೆಗೆದು ನೋಡಿದಳು. ಒಳಗೆ ಏನೂ ಇರಲಿಲ್ಲ.

"ಅಯ್ಯೋ, ನಿಮ್ಮಮ್ಮ ತುಂಬೋಕೆ ಮರೆತಿದ್ದಾಳೆ ಕಣೆ."

"ಮರೆತಿಲ್ಲ," ಎಂದಳು ಹುಡುಗಿ. "ಇಲ್ಲಿ ತಿಂದು, ಮಿಕ್ಕಿದ ಚಂದಮಾಮ ನಾಳೆಗೆ ತುಂಬಿಸ್ಕೊಂಡು ಬಾ ಅಂದ್ಲು."

ಅಜ್ಜಿ ಬಾಗಿಲ ಕಡೆ ನೋಡಿದಳು. ಚಪ್ಪಲಿ ಬಿಡುತ್ತಿದ್ದ ಮಗಳು ತಲೆಯೆತ್ತಿ ನಕ್ಕಳು. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ತಾತನ ತಟ್ಟೆಯಿಂದ ಎರಡು ಬಿಲ್ಲೆ ಎತ್ತಿ ಮೊದಲು ಡಬ್ಬಿಗೆ ಹಾಕಿದಳು.