ಹೂರಾದ ಕಾಕ ಹೇಳಿದ ಕ್ಲೈಮ್ಯಾಕ್ಸ್

ಕಳೆದ ತಿಂಗಳು ಮನೆ ಬದಲಿಸುವಾಗ ಹಳೆಯ ಟಿವಿ ಸ್ಟ್ಯಾಂಡಿನ ಹಿಂದಿನಿಂದ ಒಂದು ಸಿಡಿ ಕವರ್ ಕೆಳಗೆ ಬಿತ್ತು. ಒಳಗೆ ಸಿಡಿ ಇರಲಿಲ್ಲ. ಪ್ಲಾಸ್ಟಿಕ್ ಹಳದಿಗೆ ತಿರುಗಿತ್ತು. ಆದರೆ ಅದರ ಮೇಲೆ ಅಂಟಿಸಿದ್ದ ಕಾಗದದ ಪಟ್ಟಿ ಹಾಗೆಯೇ ಇತ್ತು. ಅದರಲ್ಲಿ ನೀಲಿ ಪೆನ್ನಿನ ದುಂಡು ಅಕ್ಷರಗಳು: ‘ಮೊದಲ ಹತ್ತು ನಿಮಿಷ ತಾಳ್ಮೆ ಬೇಕು. ಆಮೇಲೆ ಅದೇ ಕರೆದುಕೊಂಡು ಹೋಗುತ್ತದೆ.’

ಕಟ್ಟಿದ ಪೆಟ್ಟಿಗೆಗಳ ನಡುವೆ ನೆಲದ ಮೇಲೆಯೇ ಕೂತುಬಿಟ್ಟೆ. ಆ ಅಕ್ಷರ ಕಾಕನದು...

ಎರಡು ಸಾವಿರದ ಆರು–ಏಳರ ಸುಮಾರಿನ ಮಾತು. ಗಲ್ಫಿನ ಈ ನಗರದಲ್ಲಿ, ಹೂರಾ ಎಂಬ ಬಡಾವಣೆಯ ಒಂದು ಗಲ್ಲಿಯಲ್ಲಿ, ಒಂದು ಟೈಲರ್ ಅಂಗಡಿಗೂ ಒಂದು ಕೆಫೆಟೇರಿಯಾಕ್ಕೂ ನಡುವೆ ಕಾಕನ ವೀಡಿಯೋ ಅಂಗಡಿ ಇತ್ತು. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹೊರಗೆ ಬಂದು ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ನೆಲದಿಂದ ಚಾವಣಿವರೆಗೆ ಹಿಂದಿ, ಮಲಯಾಳಂ, ತಮಿಳು ಸಿಡಿಗಳು. ಕಾಕ ಕೂರುವ ಸ್ಟೂಲಿನ ಹಿಂದೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ಕನ್ನಡದ ಎರಡು ಸಾಲು. ಉಡುಪಿ ಕಡೆಯ ಬ್ಯಾರಿ ಅವರು. ಐವತ್ತೈದರ ಆಚೀಚೆ ವಯಸ್ಸು, ತೆಳ್ಳಗಿನ ಮೈ, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಊರಿನವರು, ಕೇರಳದವರು, ಪಾಕಿಸ್ತಾನದ ಡ್ರೈವರುಗಳು, ಎಲ್ಲರಿಗೂ ಅವರು ಕಾಕನೇ.

ನಾನು ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಆರು ತಿಂಗಳಾಗಿತ್ತು. ಶಿರ್ವದ ಹುಡುಗಿ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಸಿನೆಮಾ ಅಂದರೆ ನನಗೆ ಡ್ಯೂಟಿ ಮುಗಿಸಿ ಬಂದು ಊಟ ಮಾಡುವಾಗ ಎದುರಿಗೆ ಓಡಬೇಕಾದ ಏನೋ ಒಂದು ಗಲಾಟೆ. ಮೊದಲ ಸಲ ಅಂಗಡಿಗೆ ಹೋದಾಗ, ಇಲ್ಲಿನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡ್ ಕೇಳುತ್ತಾರೆಂದು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಕಾಕ ಅದರ ಕಡೆ ನೋಡಲೂ ಇಲ್ಲ.

“ಕಡೆಯದಾಗಿ ನೋಡಿದ ಪಿಕ್ಚರ್ ಯಾವುದು ಸಿಸ್ಟರ್?”

ಹೇಳಿದೆ. ಅವರ ಮುಖ ಹಾಗಲಕಾಯಿ ತಿಂದವರಂತಾಯಿತು. ಹಿಂದಿನ ಸಾಲಿನಿಂದ ಒಂದು ಸಿಡಿ ತೆಗೆದು, ಬಾಯಿಯಿಂದ ಊದಿ, ಕನ್ನಡಕ ಒರೆಸುವ ಬಟ್ಟೆಯಿಂದಲೇ ಒರೆಸಿ ಕೊಟ್ಟರು. “ಇದನ್ನು ನೋಡಿ. ಊಟ ಮಾಡಿಕೊಂಡು ನೋಡಬೇಡಿ. ಊಟ ಮುಗಿಸಿ ನೋಡಿ.”

ಮರಳಿಸಲು ಹೋದ ದಿನ ಪರೀಕ್ಷೆ. ಯಾವ ಜಾಗ ಹಿಡಿಸಿತು ಎಂದು ಕೇಳಿದರು. ಎಲ್ಲ ಚಂದ ಉಂಟು ಕಾಕ ಅಂದೆ. “ಎಲ್ಲ ಚಂದ ಅಂದರೆ ನೀವು ನೋಡಲೇ ಇಲ್ಲ. ತೆಗೆದುಕೊಂಡು ಹೋಗಿ, ಇನ್ನೊಮ್ಮೆ ನೋಡಿ” ಎಂದು ಅದೇ ಸಿಡಿಯನ್ನು ವಾಪಸು ಕೊಟ್ಟರು! ನನಗೆ ಸಿಟ್ಟು ಬಂದಿತ್ತು. ಆದರೂ ಹಟಕ್ಕೆ ಬಿದ್ದು ನೋಡಿದೆ. ಆ ಚಿತ್ರದಲ್ಲಿ ನಾಯಕಿಯ ತಾಯಿಯನ್ನು ಒಮ್ಮೆಯೂ ತೋರಿಸುವುದಿಲ್ಲ. ಅಡುಗೆಮನೆಯಿಂದ ಬಳೆಯ ಸದ್ದು ಮಾತ್ರ ಬರುತ್ತದೆ. ನಾಯಕಿಯ ತಂದೆ ತೀರಿಹೋದ ಮರುದಿನ ಆ ಸದ್ದೂ ಇಲ್ಲ. ಮೊದಲ ಸಲ ನಾನು ಇದನ್ನು ಗಮನಿಸಿರಲೇ ಇಲ್ಲ. ಓಡಿಹೋಗಿ ಹೇಳಿದೆ. ಕಾಕ ನಕ್ಕರು. ಕೆಫೆಟೇರಿಯಾದಿಂದ ನನಗೂ ಒಂದು ಸುಲೈಮಾನಿ ಚಹಾ ತರಿಸಿದರು.

ಗಲ್ಫಿಗೆ ಬರುವ ಮೊದಲು ಅವರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಡೇರೆಯ ಹಿಂದೆ ಮೆಷಿನ್ ಪಕ್ಕ ನಿಂತು, ಸಣ್ಣ ಕಿಂಡಿಯಿಂದ ದಿನಕ್ಕೆ ಎರಡು ಆಟದಂತೆ ಒಂದೇ ಚಿತ್ರವನ್ನು ತಿಂಗಳುಗಟ್ಟಲೆ ನೋಡಿದವರು. ಮೆಷಿನ್ನಿನ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅವರು ಕಣ್ಣಿನಿಂದಲೇ ಸಿನೆಮಾ ಕಲಿತಿದ್ದರು. “ಡೈಲಾಗ್ ಆಮೇಲೆ ಸಿಸ್ಟರ್. ಮೊದಲು ಬಾಗಿಲು ನೋಡಿ. ಯಾರು ಒಳಗೆ, ಯಾರು ಹೊರಗೆ, ಯಾರು ಹೊಸ್ತಿಲಿನಲ್ಲಿ. ಅರ್ಧ ಕಥೆ ಅಲ್ಲಿಯೇ ಉಂಟು.”

ನಾಲ್ಕೇ ದಿನ ಓಡಿ ಮೂಲೆಗೆ ಬಿದ್ದ ಚಿತ್ರಗಳೆಂದರೆ ಅವರಿಗೆ ವಿಪರೀತ ಪ್ರೀತಿ. ಅಂಥ ಒಂದು ಪೊಲೀಸ್ ಚಿತ್ರವನ್ನು ನನ್ನಿಂದ ಮೂರು ಸಲ ನೋಡಿಸಿದ್ದಾರೆ. ಅದರ ಖಳನಾಯಕ ಒಮ್ಮೆಯೂ ದನಿ ಎತ್ತುವುದಿಲ್ಲ, ಕೂತಲ್ಲೇ ಕಿತ್ತಳೆ ಸುಲಿಯುತ್ತಿರುತ್ತಾನೆ. ಅವನು ಸುಲಿಯುವುದನ್ನು ನಿಲ್ಲಿಸಿದರೆ ನಮ್ಮ ಎದೆ ನಿಲ್ಲುತ್ತದೆ. “ಜನ ಯಾಕೆ ನೋಡಲಿಲ್ಲ ಗೊತ್ತುಂಟಾ? ಅವನು ಕಿರುಚಲಿಲ್ಲ, ಅದಕ್ಕೆ” ಎನ್ನುತ್ತಿದ್ದರು. ಹಾಡು, ಫೈಟು ಓಡಿಸಿ ನೋಡುವ ಗಿರಾಕಿಗಳಿಗೆ ಒಳ್ಳೆಯ ಚಿತ್ರ ಕೊಡುತ್ತಲೇ ಇರಲಿಲ್ಲ. ಕಣ್ಣೆದುರಿಗೆ ಸಿಡಿ ಇದ್ದರೂ “ಅದು ಹೊರಗೆ ಹೋಗಿದೆ” ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದರು.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ನನಗೆ ಮದುವೆಯಾಯಿತು.

ಗಂಡ ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳು ನನ್ನ ಜೊತೆ ಇದ್ದ. ಇಲ್ಲಿ ಕೆಲಸ ಹುಡುಕುವುದೆಂದು ಮಾತಾಗಿತ್ತು. ಅವನು ಹುಡುಕಿದ್ದು ನನ್ನ ಫೋನಿನಲ್ಲಿ ಯಾರ ನಂಬರ್ ಇದೆ ಎಂಬುದನ್ನು. ಡ್ಯೂಟಿಯಿಂದ ಹತ್ತು ನಿಮಿಷ ತಡವಾದರೆ ಯಾವ ಡಾಕ್ಟರ್ ಜೊತೆ ನಿಂತಿದ್ದೆ ಎಂದು ಕೇಳುತ್ತಿದ್ದ. ಒಂದು ದಿನ ನಾನು ಸಿನೆಮಾ ನೋಡುತ್ತಿದ್ದಾಗ ಪ್ಲೇಯರಿನಿಂದ ಸಿಡಿ ಹೊರಗೆ ಎಳೆದು ಎರಡು ತುಂಡು ಮಾಡಿ ನನ್ನ ಮಡಿಲಿಗೆ ಎಸೆದ. ಆಮೇಲೆ ಕೈಯೂ ಎತ್ತಿದ... ಅದನ್ನು ಇಲ್ಲಿ ವಿವರಿಸುವುದಿಲ್ಲ.

ಮುರಿದ ಸಿಡಿಯನ್ನು ಕಾಕನಿಗೆ ಕೊಡುತ್ತ, ಕೈ ಜಾರಿ ಬಿತ್ತು ಕಾಕ ಎಂದೆ. ಅವರು ಎರಡು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟು ಸೆಕೆಯಲ್ಲಿ ನಾನು ಉದ್ದ ತೋಳಿನ ಅಂಗಿ ತೊಟ್ಟಿದ್ದೆ. “ಬಿದ್ದ ಸಿಡಿ ಹೀಗೆ ಮುರಿಯುವುದಿಲ್ಲ ಸಿಸ್ಟರ್” ಎಂದರು.

ವೀಸಾ ಮುಗಿದು ಅವನು ಮಂಗಳೂರಿಗೆ ಮರಳಿದ. ಹೋದ ಮೇಲೆ ಪ್ರತಿ ಶುಕ್ರವಾರ ಊರಿನಿಂದ ಫೋನ್. ಅಮ್ಮ ಅಳುತ್ತಿದ್ದಳು. ಅಣ್ಣ, ರಾಜೀನಾಮೆ ಕೊಟ್ಟು ಬಂದು ಸಂಸಾರ ಮಾಡು ಎನ್ನುತ್ತಿದ್ದ. ನಮ್ಮ ಇಗರ್ಜಿಯ ಪಾದ್ರಿಯವರೂ ಒಮ್ಮೆ ಫೋನ್ ತೆಗೆದುಕೊಂಡು, ಹೆಂಗಸು ಸ್ವಲ್ಪ ತಾಳಿಕೊಂಡರೆ ಮನೆ ಉಳಿಯುತ್ತದೆ ಎಂದರು. ನಾಲ್ಕು ತಿಂಗಳು ಕೇಳಿ ಕೇಳಿ ನನಗೂ ಹಾಗೆಯೇ ಅನ್ನಿಸತೊಡಗಿತು. ಒಂದು ಗುರುವಾರ ರಾಜೀನಾಮೆ ಪತ್ರ ಟೈಪ್ ಮಾಡಿಸಿ ಸಹಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ. ಭಾನುವಾರ ಆಫೀಸು ತೆರೆದೊಡನೆ ಕೊಡುವುದೆಂದು ತೀರ್ಮಾನವಾಗಿತ್ತು. ಅಂದು ಸಂಜೆ ಕಾಕನ ಅಂಗಡಿಗೆ ಹೋಗಿ, ಊರಿಗೆ ಹೋಗ್ತಾ ಇದ್ದೇನೆ ಎಂದೆ.

“ರಜೆಗಾ?”

“ಅಲ್ಲ ಕಾಕ. ಖಲಾಸ್. ಪೂರ್ತಿ.”

ಅವರು ಬಹಳ ಹೊತ್ತು ಒಂದೇ ಸಿಡಿಯನ್ನು ಒರೆಸುತ್ತಿದ್ದರು. “ನಾಳೆ ಪಿಕ್ಚರಿಗೆ ಬನ್ನಿ” ಎಂದಷ್ಟೇ ಹೇಳಿದರು.

ಆ ಶುಕ್ರವಾರ ಮಧ್ಯಾಹ್ನ ಕನ್ನಡದವರ ಕೂಟದಲ್ಲಿ ಸಿನೆಮಾ ಇಟ್ಟುಕೊಂಡಿದ್ದರು. ಕಮಿಟಿಯವರಿಗೆ ಆಗಷ್ಟೇ ಬಂದ ಹೊಸ ಚಿತ್ರ ಬೇಕಿತ್ತು. ಹಳೆಯ ಕಪ್ಪು ಬಿಳುಪು ಚಿತ್ರವೇ ಆಗಬೇಕೆಂದು ಎರಡು ತಿಂಗಳ ಮೊದಲೇ ಜಗಳವಾಡಿ ಒಪ್ಪಿಸಿದವಳು ನಾನು. ಯಾವ ಚಿತ್ರ ಎಂದು ಆರಿಸಿದ್ದು ಕಾಕ. ಜನರಿಗೆ ಬೇಜಾರಾದರೆ ನಮ್ಮಿಬ್ಬರ ಮರ್ಯಾದೆ ಹೋಗುತ್ತಿತ್ತು. ನೂರೈವತ್ತು ಜನ ಬಂದಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಗಲಾಟೆ ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನವರು ಕೈಕಟ್ಟಿ ಕೂತಿದ್ದರು.

ಶಾಲಾ ಮೇಷ್ಟರೊಬ್ಬನ ಹೆಂಡತಿಯ ಕಥೆ ಅದು. ಊರಿಗೆಲ್ಲ ಒಳ್ಳೆಯವನಾದ ಮೇಷ್ಟರು ಮನೆಯಲ್ಲಿ ಬೇರೆಯೇ ಮನುಷ್ಯ. ಅವಳು ತವರಿಗೆ ಬರುತ್ತಾಳೆ. ಹಿರಿಯರು ಕೂತು ಮಾತಾಡಿ ಅವಳನ್ನು ಮತ್ತೆ ಅವನ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಕತ್ತಲಲ್ಲಿ ಕೂತ ನಾನು ಮಡಿಲಲ್ಲಿದ್ದ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಸರಿಯಾಗಿ ಅಲ್ಲಿಗೆ ಮೂರನೆಯ ಸಿಡಿ ನಿಂತಿತು. ಪರದೆಯ ಮೇಲೆ ಅವಳ ಅರ್ಧ ಮುಖ, ಉಳಿದದ್ದೆಲ್ಲ ಚೌಕ ಚೌಕ. ತೆಗೆದು ಒರೆಸಿದರು, ಬೇರೆ ಕಂಪ್ಯೂಟರ್ ತಂದರು. ಆಗಲಿಲ್ಲ. ಲೈಟು ಹಾಕಿದರು, ಕುರ್ಚಿ ಸರಿಯುವ ಸದ್ದು ಶುರುವಾಯಿತು. ಕಮಿಟಿಯ ಹಿರಿಯರೊಬ್ಬರು ನನ್ನ ಕಡೆ ನೋಡಿ ತಲೆಯಾಡಿಸಿದರು.

ಆಗ ಕಾಕ ಎದ್ದು ಪರದೆಯ ಮುಂದೆ ಹೋಗಿ ನಿಂತರು.

“ಕೂತುಕೊಳ್ಳಿ. ಲೈಟ್ ಆಫ್ ಮಾಡಿ. ಇನ್ನು ಇಪ್ಪತ್ತು ನಿಮಿಷ ಉಂಟು. ನಾನು ಹೇಳುತ್ತೇನೆ.”

ಕೆಲವರು ನಕ್ಕರು. ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರೊಜೆಕ್ಟರಿನ ಖಾಲಿ ಬೆಳಕು ಅವರ ಬಿಳಿ ಅಂಗಿಯ ಮೇಲೆ ಬಿದ್ದಿತ್ತು.

“ಕ್ಯಾಮೆರಾ ಮನೆಯ ಒಳಗೆ ಉಂಟು. ನಾವು ಒಳಗೆ, ಅವಳು ಹೊರಗೆ. ಮೇಷ್ಟರ ಬೆನ್ನು ಮಾತ್ರ ಕಾಣುತ್ತದೆ. ಅವನು ಬಾಗಿಲಿನಿಂದ ಸ್ವಲ್ಪ ಸರಿಯುತ್ತಾನೆ. ಒಬ್ಬಳು ಬರುವಷ್ಟು ಜಾಗ, ಪೆಟ್ಟಿಗೆಗೆ ಜಾಗ ಇಲ್ಲ...”

ಅವರು ನಟಿಸಲಿಲ್ಲ, ಕೈ ಬೀಸಲಿಲ್ಲ. ಒಂದೊಂದೇ ಶಾಟ್ ಹೇಳುತ್ತ ಹೋದರು. ಅವಳು ಹೊಸ್ತಿಲಿನ ಮೇಲೆ ಕಾಲಿಟ್ಟದ್ದು. ಒಳಗಿನ ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಅವನ ಬೆತ್ತ ಅವಳಿಗೆ ಕಂಡದ್ದು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದದ್ದು. ಹಿರಿಯರು ಕೂಗಿದ್ದು ಕೇಳುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಅವಳು ಪೆಟ್ಟಿಗೆ ಎತ್ತಿಕೊಂಡು ರಸ್ತೆಗೆ ಬರುತ್ತಾಳೆ. ಬಸ್ಸು ಬರುತ್ತದೆ. ಹಿಂದಿನ ಗಾಜಿನಿಂದ ಮೇಷ್ಟರು, ಮನೆ, ಊರು ಎಲ್ಲ ಸಣ್ಣದಾಗುತ್ತವೆ.

“ಮ್ಯೂಸಿಕ್ ಇಲ್ಲ. ಬಸ್ಸಿನ ಸದ್ದು ಮಾತ್ರ.”

ಮುಂದಿನ ಸಾಲಿನ ಒಂದು ಸಣ್ಣ ಹುಡುಗಿ ಇಂಗ್ಲಿಷಿನಲ್ಲಿ, ಆಮೇಲೆ ಏನಾಯಿತು ಅಂಕಲ್ ಎಂದು ಕೇಳಿದಳು.

“ಆಮೇಲೆ ಎಂತ? ಬಸ್ಸು ಹೋಯಿತು.”

ಚಪ್ಪಾಳೆ ಬಿತ್ತು. ಬಿದ್ದ ಮೇಲೆ ನಿಲ್ಲಲಿಲ್ಲ. ಬ್ಯಾಂಕಿನವರೂ ಎದ್ದು ನಿಂತಿದ್ದರು. ನಾನು ಹೊರಗೆ ಬಂದು, ಪಾರ್ಕಿಂಗಿನ ಬಿಸಿಲಿನಲ್ಲಿ ನಿಂತು, ರಾಜೀನಾಮೆ ಪತ್ರವನ್ನು ಎಂಟು ತುಂಡು ಮಾಡಿದೆ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಅಣ್ಣ ಒಂದೂವರೆ ವರ್ಷ ಮಾತು ಬಿಟ್ಟ. ಆದರೆ ನಾನು ಹೋಗಲಿಲ್ಲ. ಆ ಮದುವೆಯಿಂದ ಬಿಡುಗಡೆ ಸಿಗಲು ನಾಲ್ಕು ವರ್ಷ ಬೇಕಾಯಿತು. ಸಿಕ್ಕಿತು.

ಅದೇ ಸುಮಾರಿಗೆ ಆ ಹಳೆಯ ಚಿತ್ರ ಇಂಟರ್ನೆಟ್ಟಿನಲ್ಲಿ ಪೂರ್ತಿ ಸಿಕ್ಕಿತು. ಕಾಕ ಹೇಳಿದ ಆ ಬಸ್ಸನ್ನು ಕಣ್ಣಾರೆ ನೋಡುವ ಆಸೆಯಿಂದ ಕೂತೆ. ಬಾಗಿಲಿನ ದೃಶ್ಯ ಬಂತು. ಅವಳು ಹೊಸ್ತಿಲು ದಾಟಿದಳು, ಗಂಡನ ಕಾಲಿಗೆ ಬಿದ್ದಳು, ಅವನು ಕಣ್ಣೊರೆಸಿ ಎತ್ತಿದ. ಹಿರಿಯರು ನಕ್ಕರು, ದೇವರ ಮನೆಯಲ್ಲಿ ಗಂಟೆ ಮೊಳಗಿತು. ಶುಭಂ. ಎಲ್ಲಿಯೂ ಬಸ್ಸು ಇರಲಿಲ್ಲ!

ನೇರ ಅಂಗಡಿಗೆ ಹೋದೆ. ಸಿಡಿ ಕೇಳುವವರೇ ಇಲ್ಲದೆ ಅರ್ಧ ಕಪಾಟು ಆಗಲೇ ಖಾಲಿಯಾಗಿತ್ತು.

“ಕಾಕ, ನೀವು ಸುಳ್ಳು ಹೇಳಿದ್ದು.”

ಯಾವುದರ ಬಗ್ಗೆ ಎಂದು ಅವರು ಕೇಳಲಿಲ್ಲ. ಇಷ್ಟು ದಿನ ಕಾಯುತ್ತಿದ್ದವರಂತೆ ಕನ್ನಡಕ ತೆಗೆದು ಇಟ್ಟರು.

“ಆ ಪಿಕ್ಚರ್ ನಾನು ಅರವತ್ತು ಸಲ ಓಡಿಸಿದ್ದೇನೆ ಸಿಸ್ಟರ್. ಮೊದಲಿನಿಂದ ನೋಡಿ. ಒಂದೊಂದು ಶಾಟಿನಲ್ಲಿಯೂ ಅವಳು ಬಾಗಿಲ ಹತ್ತಿರ, ಕಿಟಕಿ ಹತ್ತಿರ. ಎರಡು ಗಂಟೆ ಅವಳನ್ನು ಹೊರಗೆ ಕರೆದುಕೊಂಡು ಹೋಗಲಿಕ್ಕೆ ತಯಾರು ಮಾಡಿ, ಕಡೆಗೆ ಡೈರೆಕ್ಟರ್ ಹೆದರಿ ಕಾಲಿಗೆ ಬೀಳಿಸಿದ್ದು. ಆ ಕ್ಲೈಮ್ಯಾಕ್ಸ್ ಆ ಪಿಕ್ಚರಿನದ್ದಲ್ಲ. ನಾನು ಹೇಳಿದ್ದೇ ಸರಿ.”

“ನಾನು ಅದನ್ನು ನಂಬಿ ಪತ್ರ ಹರಿದು ಹಾಕಿದೆ ಕಾಕ.”

“ನಿಮ್ಮನ್ನು ನೋಡಿಕೊಂಡೇ ಹೇಳಿದ್ದು ಹೌದು. ಹರಿದದ್ದು ನೀವೇ.”

ಆಮೇಲೆ ಅವರು ಬಾಗಿಲಿನ ಕಡೆ ನೋಡುತ್ತ ಮಾತಾಡಿದರು. ಅವರಿಗೊಬ್ಬಳು ತಂಗಿ ಇದ್ದಳಂತೆ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಳು. ಆಗ ಕಾಕನ ಟಾಕೀಸಿನಲ್ಲಿ ಇದೇ ಚಿತ್ರ ಓಡುತ್ತಿತ್ತು. ತಂಗಿಯನ್ನು ಕರೆದುಕೊಂಡು ಹೋಗಿ, ಎಲ್ಲರಿಗಿಂತ ಮುಂದೆ ಕೂರಿಸಿ ತೋರಿಸಿದರು. “ನೋಡು, ಕಡೆಗೆ ಎಲ್ಲ ಸರಿಯಾಗುತ್ತದೆ ಅಂತ ನಾನೇ ಹೇಳಿದ್ದು. ಮರುದಿನ ನಾನೇ ಬಸ್ ಹತ್ತಿಸಿ ಅವನ ಮನೆಗೆ ಬಿಟ್ಟು ಬಂದೆ. ಹನ್ನೊಂದು ತಿಂಗಳು ಬದುಕಿದಳು. ಬಾವಿಗೆ ಬಿದ್ದಳು ಅಂತ ಹೇಳಿ ಕಳಿಸಿದರು.”

ಹೊರಗೆ ಟೈಲರ್ ಮೆಷಿನ್ ಓಡುತ್ತಿತ್ತು. ಅವರ ಕೈ ಮೇಲೆ ಕೈ ಇಟ್ಟೆ. ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಅಂದು ಬೇಗ ಕೈ ತೆಗೆಯಲಿಲ್ಲ.

ಮರುವರ್ಷ ಅವರು ಅಂಗಡಿ ಮುಚ್ಚಿ ಊರಿಗೆ ಹೋದರು. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಸಲಾಮು, ಆರೋಗ್ಯ ಎಲ್ಲ ಎರಡೇ ಮಾತು. ಆಮೇಲೆ, ಯಾವುದು ನೋಡಿದಿರಿ, ಯಾವ ಜಾಗ ಹಿಡಿಸಿತು... ಒಂದು ರಂಜಾನಿನ ಮೊದಲ ವಾರ ಅವರ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅವರ ಮಗಳು. ಬೆಳಗ್ಗೆ ಎದೆ ನೋವು ಎಂದರಂತೆ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

ಈಗ ನಾನು ವಾರ್ಡ್ ಇನ್‌ಚಾರ್ಜ್. ಕಿರಿಯ ನರ್ಸ್‌ಗಳಿಗೆ ಹಳೆಯ ಸಿನೆಮಾ ತೋರಿಸಿ ತಲೆ ತಿನ್ನುತ್ತೇನೆ. ನನ್ನ ಕಣ್ಣು ಪಳಗಿದ್ದು, ಅದನ್ನು ನಾನೇ ಧೈರ್ಯವಾಗಿ ಹೇಳಬಲ್ಲೆ. ಮೊನ್ನೆ ರಜೆಯ ದಿನ ಮಾಲಿನ ಥಿಯೇಟರಿನಲ್ಲಿ ಹೊಸ ಹುಡುಗಿಯೊಬ್ಬಳು ಮಾಡಿದ ಚಿತ್ರ ನೋಡಿದೆ. ಹಾಲಿನಲ್ಲಿ ಏಳೇ ಜನ. ಒಂದು ದೃಶ್ಯದಲ್ಲಿ ಮುದುಕಿಯೊಬ್ಬಳು ಫೋನಿನಲ್ಲಿ ಮಗನ ಜೊತೆ ನಗುನಗುತ್ತ ಮಾತಾಡುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಕಾಲಿನ ಬೆರಳು ತೋರಿಸುತ್ತದೆ. ಆ ಬೆರಳುಗಳು ಚಪ್ಪಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿವೆ. ನಾನು ಕೂತಲ್ಲಿಯೇ ‘ಅಯ್ಯೋ ಕಾಕ’ ಎಂದುಬಿಟ್ಟೆ, ದೊಡ್ಡದಾಗಿಯೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಚಿತ್ರ ಮುಗಿದು ಎಲ್ಲರೂ ಎದ್ದು ಹೋದರು, ಕಸ ಗುಡಿಸುವವರು ಒಳಗೆ ಬಂದರು. ಫೋನ್ ಕೈಯಲ್ಲಿತ್ತು. ಯಾರಿಗೆ ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದೆ.